ಹಸಿರು ಪೊಟ್ಟಣದ ಮೂಲೆ

"ಅಕ್ಕಾ, ಉಲ್ಟಾ ಬಂದಿದೆ! ಐದು ದಿನದವು ಟಿ ಆಗೇ ಕೂತಿವೆ, ಹತ್ತು ದಿನದವು ಬೇರೇನೋ ಆಗಿ ಕೆಟ್ಟು ಕೆರ ಹಿಡಿದಿವೆ." ಕೋಶ ಎಣಿಸುವ ಯಂತ್ರದ ಮುಂದೆ ಕೂತಿದ್ದ ಪೋ-ಯುನ್ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ಅಕ್ಕಾ ಎನ್ನುತ್ತಿದ್ದ ಹಿರಿಯ ವಿದ್ಯಾರ್ಥಿನಿ ಸು-ಹ್ವೇ ಪರದೆಯತ್ತ ಬಗ್ಗಿದಳು. ರೋಗದೊಡನೆ ಕಾದಾಡುವ ಟಿ ಕೋಶಗಳು ಹುಟ್ಟಿನಿಂದ ಟಿ ಅಲ್ಲ. ಇಲಿಯ ಎಳೆಯ ಕೋಶಗಳನ್ನು "ಟಿ ಆಗು, ಟಿ ಆಗು" ಎಂದು ಪೀಡಿಸುವ ಹಾಸಿನ ಮೇಲೆ ಅವಳು ಬೆಳೆಸುತ್ತಿದ್ದಳು. ಐದನೆಯ ದಿನ ಎತ್ತಿ ಸಾದಾ ಹಾಸಿನ ಮೇಲೆ ಬಿಟ್ಟರೆ, ಪೀಡೆ ತೊಲಗಿತೆಂದು ಮನಸ್ಸು ಬದಲಿಸಿ ಬೇರೇನೋ ಆಗಿಬಿಡಬೇಕು. ಹತ್ತನೆಯ ದಿನ ಎತ್ತಿದರೆ, ಎಲ್ಲಿ ಬಿಟ್ಟರೂ ಟಿ ಆಗಿಯೇ ಉಳಿಯಬೇಕು. ಹಾಗಾದರೆ ಮುಂದಿನ ತಿಂಗಳು ಪಿಎಚ್‌ಡಿಯ ಕೊನೆಯ ಪರೀಕ್ಷೆ. ಆಗದಿದ್ದರೆ ಈ ತೈಪೆಯ ಪ್ರಯೋಗಾಲಯದಲ್ಲಿ ಎಂಟನೆಯ ವರ್ಷ.

"ಗೊತ್ತಾಯ್ತು!" ಪೋ-ಯುನ್ ಚೀರಿದಳು. ಯಂತ್ರದ ತಲೆಯ ಮೇಲೆ ತೆಂಗಿನಕಾಯಿ ರುಚಿಯ ಕುರುಕಲಿನ ಹಸಿರು ಪೊಟ್ಟಣ ಎಂದಿನಂತೆ ವಿರಾಜಮಾನವಾಗಿತ್ತು. ಅದು ಕೂತಿರುವವರೆಗೆ ಯಂತ್ರ ತಂಟೆ ಮಾಡುವುದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ಹಳದಿಯದು ನಡೆಯದು, ವಾಯಿದೆ ಮೀರಬಾರದು, ಯಾರೂ ಮುಟ್ಟಕೂಡದು. "ನೋಡಿ ಅಕ್ಕಾ, ಯಾವ ಪಾಪಿನೋ ಮೂಲೆ ಕತ್ತರಿಸಿದ್ದಾನೆ! ಅವನ ಕೈ ಸೇದಿಹೋಗ!"

ಸು-ಹ್ವೇ ತನ್ನ ಕೈಗಳನ್ನು ಮೆಲ್ಲಗೆ ಜೇಬಿಗಿಳಿಸಿದಳು.

ಗಲಾಟೆ ಕೇಳಿ ಸು-ಹ್ವೇಯ ಮಾರ್ಗದರ್ಶಕರಾದ ಕ್ವೊ ಮೇಷ್ಟ್ರು ಬಂದರು. "ಕುರುಕಲಿನಿಂದ ವಿಜ್ಞಾನ ನಡೆಯಲ್ಲ ಕಣ್ರಮ್ಮ. ಕೋಶ ಬೆಳೆಸಿದ ತಟ್ಟೆ ಅದಲುಬದಲಾಗಿದೆಯಾ ನೋಡಿ. ಹೆಸರು ಎಲ್ಲಿ ಬರೆದಿದ್ದೆ?"

"ಮುಚ್ಚಳದ ಮೇಲೆ, ಮೇಷ್ಟ್ರೇ. ದೊಡ್ಡಕ್ಷರದಲ್ಲಿ," ಎಂದಳು ಸು-ಹ್ವೇ.

"ಮುಚ್ಚಳದ ಮೇಲೆ! ತಳದ ಮೇಲಲ್ಲ! ಮುಚ್ಚಳ ತೆಗೆದಿದ್ಯಾ?"

ತೆಗೆದಿದ್ದಳು. ಆವಿ ಕಟ್ಟಿತೆಂದು ಎರಡೂ ತಟ್ಟೆಗಳ ಮುಚ್ಚಳ ಒಟ್ಟಿಗೆ ತೆಗೆದು, ಒರೆಸಿ, ಮುಚ್ಚಿದ್ದಳು.

"ಸರಿ, ಯಾವ ತಟ್ಟೆ ಯಾವುದು ಅನ್ನೋಕೆ ಈಗ ಏನು ಗುರುತು? ಇಲ್ಲ ತಾನೆ? ಪರೀಕ್ಷೆ ಮುಂದಿನ ವರ್ಷ ನೋಡೋಣ."

ಗುರುತು ಇತ್ತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ವರ್ಷ ಹೋಗುತ್ತದೆ. ಸು-ಹ್ವೇ ಕಣ್ಣು ಮುಚ್ಚಿಕೊಂಡಳು. "ಮೇಷ್ಟ್ರೇ, ಆ ಪಾಪಿ ನಾನೇ. ಮೂಲೆ ಕತ್ತರಿಸಿ ಹತ್ತು ದಿನದ ತಟ್ಟೆಯ ಅಡಿಗೆ ಅಂಟಿಸಿದ್ದೆ. ಒಳ್ಳೇದಾಗಲಿ ಅಂತ."

"ಅಕ್ಕಾ!" ಎಂದಳು ಪೋ-ಯುನ್, ತವರಿನವರೇ ದೇವರ ಒಡವೆ ಕದ್ದರೇನೋ ಎಂಬಂತೆ.

ಮೇಷ್ಟ್ರು ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆಗಳನ್ನು ತೆಗೆದು, ತಲೆಯ ಮೇಲಕ್ಕೆ ಹಿಡಿದು ನೋಡಿದರು. "ಐದು ದಿನ" ಎಂಬ ಮುಚ್ಚಳದ ತಟ್ಟೆಯ ಅಡಿಯಲ್ಲಿ, ಅಂಚಿಗೆ, ಉಗುರಿನಷ್ಟು ಹಸಿರು ಮಿಂಚಿತು.

ಮೇಷ್ಟ್ರು ತಟ್ಟೆಯನ್ನು ಕೆಳಗಿಟ್ಟರು.

"ನೀನು ತಪ್ಪು ಮುಚ್ಚಳ ಹಾಕಿದರೂ ಹತ್ತು ದಿನದವು ಟಿ ಆಗೇ ಉಳಿದಿವೆ ನೋಡು," ಎಂದರು. "ನಿನಗಿಂತ ಅವಕ್ಕೆ ಬುದ್ಧಿ ಇದೆ. ಇವತ್ತೇ ಇನ್ನೊಂದು ಸಲ ಶುರು ಮಾಡು, ತಳದ ಮೇಲೆ ಬರಿ. ಪರೀಕ್ಷೆ ತಾರೀಖು ಹಾಗೇ ಇರಲಿ. ಪ್ರಬಂಧದಲ್ಲಿ ಮಾತ್ರ ಈ ಕುರುಕಲಿನ ಸುದ್ದಿ ಎತ್ತಬೇಡ, ಪುಣ್ಯ ಬರುತ್ತೆ."

ಮರುದಿನ ಬೆಳಿಗ್ಗೆ ಪೊಟ್ಟಣದ ಇನ್ನೊಂದು ಮೂಲೆಯೂ ಮಾಯವಾಗಿತ್ತು. ಪೋ-ಯುನ್ ದುರುಗುಟ್ಟಿ ನೋಡಿದಳು. ಸು-ಹ್ವೇ ಎರಡೂ ಕೈಯೆತ್ತಿ ಆಣೆ ಹಾಕಿದಳು. ಅಷ್ಟರಲ್ಲಿ ಮೇಷ್ಟ್ರು ಸಂಶೋಧನಾ ಅನುದಾನದ ಅರ್ಜಿಯ ಕಡತವನ್ನು ಎದೆಗವಚಿಕೊಂಡು ಬಿರಬಿರನೆ ಹಾದುಹೋದರು. ಕಡತದ ಬೆನ್ನಿಗೆ ಅಂಟುಪಟ್ಟಿ ಮೆತ್ತಿತ್ತು. ಅದರಡಿಯಲ್ಲಿ ಉಗುರಿನಷ್ಟು ಹಸಿರು.

ಪೋ-ಯುನ್ ಅಕ್ಕನ ಕಿವಿಯ ಬಳಿ ಬಂದಳು. "ಇವತ್ತು ಮೊದಲನೇ ದಿನ. ಹತ್ತು ದಿನ ಹೀಗೇ ಇದ್ರೆ, ನಿಮ್ಮ ಟಿ ಕೋಶಗಳ ಹಾಗೆ ಮೇಷ್ಟ್ರೂ ಇನ್ನು ವಾಪಸ್ ಬರಲ್ಲ ಅಕ್ಕಾ."