ಮೊದಲ ತುಳಿತಕ್ಕೇ ಹಿಡಿಯಬೇಕು

"ನಿಜ ಹೇಳಿ ಮೇಡಂ, ಯಾರನ್ನ ಅಟ್ಟಿಸಿಕೊಂಡು ಹೋಗ್ತಿದ್ದೀರಿ?"

ಮುಂದಿನ ಚಕ್ರ ಬಿಚ್ಚಿದ್ದ ರೇಸ್ ಮೇಸ್ತ್ರಿ, ಬ್ರೇಕ್ ಪ್ಯಾಡುಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಹಿಡಿತ ಕೊಡುವ ಮಸಾಲೆಯೆಲ್ಲ ಸವೆದು ಹಿಂದಿನ ತಗಡು ಕಾಣುತ್ತಿತ್ತು. ಹೋದ ವರ್ಷ, ಅವಳು ಈ ಕಾರನ್ನು ಹಳೆಯದಾಗಿ ಕೊಂಡು ತಂದಾಗ, ಅವನೇ ಹೊಸ ಪ್ಯಾಡು ಹಾಕಿಕೊಟ್ಟಿದ್ದ. ಮನೆಗೂ ಕೆಲಸಕ್ಕೂ ಓಡಾಡುವ ಗಾಡಿಗೆ ಅವು ಇನ್ನೂ ಎರಡು ವರ್ಷ ಬಾಳಬೇಕಿತ್ತು.

"ಕೆಲಸಕ್ಕೆ ಹೋಗ್ತೀನಿ, ಬರ್ತೀನಿ, ಅಷ್ಟೆ," ಎಂದಳು ಕಾರಿನ ಒಡತಿ.

ಮೇಸ್ತ್ರಿ ನಂಬಲಿಲ್ಲ. ಒಂದು ಕಾಲದಲ್ಲಿ ರೇಸ್ ಕಾರುಗಳಿಗೆ ಕೈ ಹಾಕಿದವನು, ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಕಾಲಿಟ್ಟರೆ ಸಾಕು ಗಾಳಿಯಾಗುವ ಇಂಥ ಗಾಡಿಯನ್ನು ಬರೀ ಕೆಲಸಕ್ಕೆ ಹೋಗಲು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಅವನು ಬಲ್ಲ. ಒಂದು ಸಂಗತಿ ಮಾತ್ರ ಅವನಿಗೆ ತಾಳೆಯಾಗಲಿಲ್ಲ. ವೇಗದಲ್ಲಿ ಬಂದು ಬ್ರೇಕ್ ತುಳಿಯುವವರ ಗಾಡಿಯಲ್ಲಿ ಪ್ಯಾಡು ಕಚ್ಚುವ ಡಿಸ್ಕು ಕಾದು ಕಾದು ನೀಲಿ ತಿರುಗಿರುತ್ತದೆ. ಇದು ಬೆಳಗಿದ ತಟ್ಟೆಯ ಹಾಗಿತ್ತು. ಏನೋ ಮಾಡಿ ಉಜ್ಜಿರಬೇಕು, ಸುಳ್ಳು ಹೇಳುವವರಿಗೆ ಸಾವಿರ ದಾರಿ ಎಂದುಕೊಂಡ.

ಸಂಜೆಯೊಳಗೆ ಗಾಡಿ ಸಿದ್ಧವಾಗಬೇಕು ಎಂದಳು. ಅವಳ ಅಣ್ಣ ಕಾರು ಕೊಳ್ಳುವವರನ್ನು ಗೊತ್ತುಮಾಡಿದ್ದಾನಂತೆ, ಸಂಜೆ ಮನೆಗೇ ಕರೆತರುತ್ತಾನಂತೆ. ಅವರು ಬರುವ ಹೊತ್ತಿಗೆ ತಾನು ಅದೇ ಕಾರು ಹತ್ತಿ ಕೆಲಸಕ್ಕೆ ಹೊರಟಿರಬೇಕು. ಬೇಕಿದ್ದರೆ ಅವರು ಅಣ್ಣನನ್ನು ನೋಡಿಕೊಂಡು ಹೋಗಲಿ ಎಂದು ಸೇರಿಸಿದಳು. ಮೇಸ್ತ್ರಿಗೆ ನಗು ಬಂತು.

ಮೂರು ಬಗೆ ಪ್ಯಾಡುಗಳನ್ನು ತಂದು ಮೇಜಿನ ಮೇಲೆ ಹರಡಿದ. ಕಾರು ತಯಾರಿಸಿದ ಕಂಪನಿಯದೇ ಒಂದು. ಅದರ ಬೆಲೆ ಕೇಳಿ ಅವಳು ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಇನ್ನೊಂದು ರೇಸಿನದು. ಅದನ್ನು ಎತ್ತಿ ಹಿಡಿದಾಗ ಮೇಸ್ತ್ರಿಯ ಮುಖದಲ್ಲಿ ಮಗನ ಗುಣಗಾನ ಮಾಡುವ ತಂದೆಯ ಕಳೆ. ಎಷ್ಟು ವೇಗದಿಂದ ಬಂದರೂ ಇದು ಸೋಲುವುದಿಲ್ಲ, ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು ಎಂದ.

ಅವಳು ಒಂದೇ ಪ್ರಶ್ನೆ ಕೇಳಿದಳು. ತಣ್ಣಗಿದ್ದಾಗ?

ಮೇಸ್ತ್ರಿ ತಲೆ ಕೆರೆದುಕೊಂಡ. ರೇಸಿನ ಪ್ಯಾಡು ಕಾಯಬೇಕು, ಕಾದ ಮೇಲೆಯೇ ಅದರ ಹಿಡಿತ. ತಣ್ಣಗಿದ್ದಾಗ ಮೊದಲ ಒಂದೆರಡು ತುಳಿತ ಸ್ವಲ್ಪ ಜಾರುತ್ತದೆ ಎಂದು ಒಪ್ಪಿಕೊಂಡ.

"ಹಾಗಾದ್ರೆ ಬೇಡ. ನಂಗೆ ಮೊದಲನೇ ತುಳಿತಾನೇ ಮುಖ್ಯ."

ಮೂರನೆಯದು ಬೇರೊಂದು ಕಂಪನಿಯ ಸಾದಾ ಪ್ಯಾಡು. ಹೆಸರಿಲ್ಲ, ಮೆರೆದಾಟವಿಲ್ಲ, ಆದರೆ ತಣ್ಣಗಿದ್ದರೂ ಹಿಡಿಯುತ್ತದೆ, ಜೇಬಿಗೂ ಹಗುರ. ಇದನ್ನೇ ಹಾಕಿ, ಮುಂದಿನ ವರ್ಷವೂ ಸವೆಯುತ್ತದೆ, ಆಗಲೂ ಇದನ್ನೇ ಹಾಕಿ ಎಂದಳು. ಇಂಥ ಗಾಡಿಗೆ ಸಾದಾ ಪ್ಯಾಡೇ ಎಂದು ಮೇಸ್ತ್ರಿ ಮೂಗು ಮುರಿದ.

ಒಂದು ಕಡೆಯ ಚಕ್ರ ಮುಗಿದಿತ್ತು, ಅಷ್ಟರಲ್ಲಿ ಅಣ್ಣನೇ ಗ್ಯಾರೇಜು ಹುಡುಕಿಕೊಂಡು ಬಂದ. ತಂಗಿಯನ್ನು ಬಿಟ್ಟು ಮೇಸ್ತ್ರಿಗೇ ದೂರು ಕೊಟ್ಟ. ಇವಳ ಪಕ್ಕ ಒಂದು ದಿನ ಕೂತು ನೋಡಿ, ಹೊಟ್ಟೆ ಬಾಯಿಗೆ ಬರುತ್ತದೆ ಎಂದ. ಮೇಸ್ತ್ರಿ ತಲೆಯಾಡಿಸಿದ, ತನಗೆ ಆಗಲೇ ಗೊತ್ತು ಎನ್ನುವಂತೆ.

ಆಮೇಲೆ ಅಣ್ಣ ತಂಗಿಯ ಕಡೆ ತಿರುಗಿದ. ಅವನ ದನಿ ಇಳಿದಿತ್ತು.

"ಒಂದು ಜೀವ ಹೋಗಿದ್ದು ಸಾಲದಾ? ನೀನು ಮನೆ ಸೇರೋ ತನಕ ಅಮ್ಮ ತುತ್ತು ಮುಟ್ಟಲ್ಲ. ಈ ಕಾರೂ ಬೇಡ, ಆ ಕೆಲಸಾನೂ ಬೇಡ. ಬಿಟ್ಟುಬಿಡು."

"ಎರಡೂ ಬಿಡಲ್ಲ ಅಣ್ಣ."

"ತನಿಖೆಯವರು ನಿನ್ನ ತಪ್ಪಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಇನ್ನೂ ಯಾರಿಗೆ ಏನು ತೋರಿಸಬೇಕು ನಿಂಗೆ?"

ಮೇಸ್ತ್ರಿಯ ಕೈ ನಿಂತಿತು. ಸವೆದ ಪ್ಯಾಡು, ವೇಗದ ಕಾರು, ಹೋದ ಜೀವ. ಇನ್ನು ಹೇಳುವುದೇನಿದೆ? ಸ್ಪ್ಯಾನರನ್ನು ನೆಲಕ್ಕೆ ಹಾಕಿ ಎದ್ದು ನಿಂತ. ಮನುಷ್ಯನನ್ನು ಕೊಂದ ಗಾಡಿಗೆ ತಾನು ಕೈ ಹಚ್ಚುವುದಿಲ್ಲ, ಬೇರೆ ಗ್ಯಾರೇಜು ನೋಡಿಕೊಳ್ಳಿ ಎಂದ. ಅವನಿಗೆ ನಿಜವಾಗಿಯೂ ಅಸಹ್ಯವಾಗಿತ್ತು.

ಅವಳು ಅಂಗಿಯ ತೋಳು ಮಡಚಿ ನೆಲಕ್ಕೆ ಮಂಡಿಯೂರಿದಳು, ಸ್ಪ್ಯಾನರ್ ಎತ್ತಿಕೊಂಡಳು, ಇನ್ನೊಂದು ಚಕ್ರದ ಬೋಲ್ಟಿಗೆ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಅದು ಕಿರ್ರೆಂದು ಸಡಿಲವಾಯಿತು. ಅಣ್ಣ ತಡೆಯಲು ಬಂದವನು ಅವಳ ಮುಖ ನೋಡಿ ಹಿಂದೆ ಸರಿದ.

ಮೇಸ್ತ್ರಿಗೆ ಸಿಟ್ಟು ತಡೆಯಲಾಗಲಿಲ್ಲ. "ಅವತ್ತು ಎಷ್ಟು ಸ್ಪೀಡಲ್ಲಿದ್ರಿ?"

"ನೂರು ದಾಟಿತ್ತು."

"ಬ್ರೇಕು?"

"ಅವನು ಕಂಡ ತಕ್ಷಣ ಹಾಕಿದೆ."

"ಸುಳ್ಳು. ನೂರರಲ್ಲಿದ್ರೂ ಈ ಕಾರು ನಲವತ್ತು ಮೀಟರಲ್ಲಿ ನಿಲ್ಲುತ್ತೆ."

"ಗೊತ್ತು. ಅದಕ್ಕೇ ಆಮೇಲೆ ಇದನ್ನ ತಗೊಂಡೆ."

ಮೇಸ್ತ್ರಿ ಅಣ್ಣನತ್ತ ನೋಡಿದ. ಅಣ್ಣ ತಲೆ ತಗ್ಗಿಸಿದ್ದ. ಅವಳು ಎರಡನೆಯ ಬೋಲ್ಟಿಗೆ ಕೈ ಹಾಕಿದಳು.

"ಕೆಲಸಕ್ಕೆ ಹೋಗೇ ಹೋಗ್ತೀನಿ, ಯಾರು ಏನಂದ್ರೂ. ದಾರೀಲಿ ಯಾರಾದ್ರೂ ಕಂಡ್ರೆ ಸಾಕು, ನಿಲ್ಲಿಸ್ತೀನಿ. ಈ ಕಾರಲ್ಲಾದ್ರೂ ನಾನು ತುಳಿದ ಕಡೆ ಗಾಡಿ ನಿಲ್ಲಬೇಕು ಮೇಸ್ತ್ರಿ. ಅವತ್ತು ಅವನನ್ನ ದಾಟಿ ಅರ್ಧ ಕಿಲೋಮೀಟರ್ ಹೋದ ಮೇಲೆ ನಿಂತಿದ್ದು, ನಾನು ಓಡಿಸೋ ರೈಲು."