ಮೊಸಳೆಯ ಬೆನ್ನೇರಿ ಬಂದವಳು

ಮೂರನೇ ಶನಿವಾರ ಹಲೀಮಾ ಮೊಸಳೆಯ ಬೆನ್ನ ಮೇಲೆ ಕೂತು ನದಿ ದಾಟಿದಳು. ಹಿಂದಿನ ವಾರ ಅವಳನ್ನು ದಾಟಿಸಿದ್ದು ಕೊಕ್ಕರೆಗಳು. ಅದಕ್ಕೂ ಹಿಂದಿನ ವಾರ ಮುದುಕಿಯೊಬ್ಬಳು ತನ್ನ ಜಡೆಯನ್ನೇ ಸೇತುವೆಯಾಗಿ ಹಾಸಿಕೊಟ್ಟಿದ್ದಳು. ತ್ಯಾಗರಾಜನಗರದ ತನ್ನ ಮನೆಯ ತಾರಸಿಯಲ್ಲಿ ನೋಟ್‌ಬುಕ್ ಹಿಡಿದು, ಹಲೀಮಾ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಲಿಖಿತಾಳ ಪೆನ್ನು ನಿಂತಿತು.

ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹಲೀಮಾ ಬಿಟಿಎಂನ ಬಾಡಿಗೆ ಕೋಣೆಯಲ್ಲಿ ಆಶ್ರಯದ ಕಾಗದಕ್ಕಾಗಿ ಕಾಯುತ್ತಿದ್ದಳು. ಅಕ್ಕಪಕ್ಕದವರಿಂದ ಕನ್ನಡ ಕಲಿತಿದ್ದಳು, ಬೈಗುಳ ಸಮೇತ. ಅವಳೊಡನೆ ಸೇರಿ ನಾಟಕ ಕಟ್ಟುವುದು ನಿರ್ದೇಶಕಿ ಲಿಖಿತಾಳ ಕನಸು. ಪೋಸ್ಟರ್ ಆಗಲೇ ಅಚ್ಚಾಗಿತ್ತು: ‘ಅವಳದೇ ಬಾಯಲ್ಲಿ ಅವಳ ನಿಜ ಕಥೆ.’ ಪ್ರದರ್ಶನಕ್ಕೆ ಉಳಿದದ್ದು ಹದಿನೈದೇ ದಿನ.

“ಸಖತ್ತಾಗಿದೆ ಅಕ್ಕಾ. ಆದ್ರೆ ನಿಜವಾಗ್ಲೂ ಏನಾಯ್ತು, ಅದನ್ನ ಹೇಳಿ.”

ಹಲೀಮಾ ಕಾಫಿ ಲೋಟ ಕೆಳಗಿಟ್ಟಳು. ನಿಜವನ್ನು ಕಾಗದ ಕೊಡುವ ಆಫೀಸರಿಗೆ ಆರು ಸಲ ಹೇಳಿಯಾಗಿದೆಯಂತೆ. ಪ್ರತಿ ಸಲವೂ ಅವರು ಹಳೆಯ ಫೈಲು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೇಳುತ್ತಾರಂತೆ. ಮಂಗಳವಾರ ಅಂದದ್ದು ಬುಧವಾರ ಆದರೂ ಸುಳ್ಳುಬುರುಕಿ ಅನ್ನಿಸಿಕೊಳ್ಳಬೇಕು. ನಾಟಕದಲ್ಲಿ ಒಂದು ಮಾತು ಆಚೀಚೆಯಾಗಿ, ಅದನ್ನು ಯಾರಾದರೂ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರೆ ಕಾಗದದ ಆಸೆ ಬಿಟ್ಟ ಹಾಗೆಯೇ.

“ನಿಜ ಒಂದೇ ಇರೋದು ಮೇಡಂ. ಅದನ್ನ ಆಫೀಸಲ್ಲಿ ಇಟ್ಟು ಬಂದಿದೀನಿ,” ಅಂದಳು. ಆಮೇಲೆ ಅವಳ ಕಣ್ಣು ಮಿನುಗಿತು. “ಬೇಕೇ ಬೇಕು ಅಂದ್ರೆ ನಿಮ್ದು ಕೊಡಿ. ಡಿವೋರ್ಸ್‌ದು. ಕೋರ್ಟ್ ಮೆಟ್ಟಿಲ ಮೇಲೆ ಚಪ್ಪಲಿ ಕಿತ್ತುಹೋಗಿ ಅಲ್ಲೇ ಕೂತು ಅತ್ತಿದ್ರಂತೆ, ನಿಮ್ಮಮ್ಮ ಹೇಳಿದ್ರು. ನಾನು ಚೆನ್ನಾಗಿ ಅಳ್ತೀನಿ. ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ.”

ಲೋಟ ಒಯ್ಯಲು ಬಂದಿದ್ದ ಲಿಖಿತಾಳ ತಾಯಿ ಗಿರಿಜಾದೇವಿ, ಲೋಟ ಅಲ್ಲೇ ಬಿಟ್ಟು ಮೆಲ್ಲಗೆ ಮೆಟ್ಟಿಲಿಳಿದರು.

ಲಿಖಿತಾಳ ಕಿವಿ ಬಿಸಿಯಾಯಿತು. ಅಜ್ಜಿಯ ತೊಡೆಯ ಮೇಲೆ ಮಲಗಿ ಅಷ್ಟೊಂದು ಕಥೆ ಕೇಳಿದವಳು, ನಿಜ ಹೇಳು ಅಂತ ಒಮ್ಮೆಯೂ ಪೀಡಿಸಿರಲಿಲ್ಲ, ಹೂಂಗುಟ್ಟಿದ್ದಳು, ಅಷ್ಟೆ. ನೋಟ್‌ಬುಕ್ ಮಡಚಿದಳು.

“ಹೂಂ... ಆಮೇಲೆ ಮೊಸಳೆ ಏನಂತು?”

“ಮೊಸಳೆ ಪಾರ್ಟು ಯಾರು ಮಾಡ್ತಾರೆ? ಮೊದ್ಲು ಅದು ಹೇಳಿ.”

ಪ್ರದರ್ಶನದ ದಿನ ಪೋಸ್ಟರಿನ ‘ನಿಜ’ದ ಮೇಲೆ ಹಸಿರು ಕಾಗದದ ಮೊಸಳೆಯೊಂದು ಅಂಟಿಕೊಂಡಿತ್ತು. ನಾಟಕ ಮುಗಿದು ದೀಪ ಹತ್ತಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಇದೆಲ್ಲ ನಿಜವಾಗಿಯೂ ನಡೆದದ್ದೇನಮ್ಮಾ ಎಂದು ಕೇಳಿದರು.

ಹಲೀಮಾ ಇನ್ನೂ ಮೊಸಳೆಯ ಬೆನ್ನಿಂದ ಕೆಳಗಿಳಿದಿರಲಿಲ್ಲ. ಅಂಗೈ, ಮಂಡಿ ಊರಿ ಅವಳ ಭಾರಕ್ಕೆ ಏದುಸಿರು ಬಿಡುತ್ತಿದ್ದ ನಿರ್ದೇಶಕಿಯ ಬೆನ್ನು ತಟ್ಟಿ, “ಮೊಸಳೇನೇ ಕೇಳಿ ಸಾರ್,” ಅಂದಳು.