ಹತ್ತು ಮೆಟ್ಟಿಲಿಗೊಮ್ಮೆ

"ನಿಲ್ಲದೆ ಎಷ್ಟು ಮೆಟ್ಟಿಲು ಹತ್ತೋಕಾಗುತ್ತಮ್ಮಾ?" ಡಾಕ್ಟರು ಕೇಳಿದರು. ಹುಟ್ಟುವಾಗಲೇ ಅರ್ಧ ಹೃದಯ ಹೊತ್ತು ಬಂದವಳು ಅವಳು. ಚಿಕ್ಕಂದಿನಲ್ಲೇ ಮೂರು ಆಪರೇಷನ್ ಆಗಿತ್ತು.

"ನಮ್ಮನೆ ಮೂರು ಮಹಡಿನೂ ಹತ್ತಿಬಿಡ್ತೀನಿ ಡಾಕ್ಟ್ರೇ. ಇವರದೇ ರಗಳೆ. ಹತ್ತು ಮೆಟ್ಟಿಲಿಗೊಂದು ಸಲ ಮಂಡಿ ನೋವು ಅಂತ ಕೂತ್ಕೋತಾರೆ, ಜೊತೆಗೆ ನಾನೂ ಕೂರಬೇಕು."

ಗಂಡ ತಲೆ ತಗ್ಗಿಸಿ ಮಂಡಿ ಸವರಿಕೊಂಡ.

ಟ್ರೆಡ್‌ಮಿಲ್ ಮೇಲೆ ಎರಡೇ ನಿಮಿಷಕ್ಕೆ ಅವಳ ತುಟಿ ನೀಲಿಗಟ್ಟಿತು.

"ಆ ಮೆಷಿನ್ನೇ ಸರಿಯಿಲ್ಲ ಕಣ್ರೀ," ಎಂದು ದಾರಿಯುದ್ದಕ್ಕೂ ಗೊಣಗಿದಳು.

"ಹೌದು ಕಣೇ, ಹಳೇದು," ಎಂದ.

ಆ ಚಳಿಗಾಲವನ್ನು ಅವಳು ದಾಟಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಅವನು ಒಂದೇ ಉಸಿರಿಗೆ ಮೂರೂ ಮಹಡಿ ಹತ್ತಿ ಬಂದ. ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಅಜ್ಜಿ ಕೇಳಿದರು:

"ಮಂಡಿ ನೋವು ಯಾವಾಗ ವಾಸಿಯಾಯ್ತಪ್ಪಾ?"